ಅಜ್ಜಿ ಮದ್ದು ಮಕ್ಕಳ ನೋಟ್‌ಬುಕ್ಕಿಗೆ ಬರಲಿ

ಸಂಪಾದಕರಿಗೆ ನಮಸ್ಕಾರ.

ನನ್ನ ಮಗಳು ಐರ್ಲೆಂಡಿನ ಡಬ್ಲಿನ್‌ನಲ್ಲಿ ನರ್ಸ್. ಅವಳ ವಾರ್ಡಿಗೆ ಬಂದ ಒಬ್ಬ ಅಜ್ಜನ ಕೋಟಿನ ಜೇಬಿನಲ್ಲಿ ಒಣಗಿ ಕಲ್ಲಾದ ಆಲೂಗಡ್ಡೆ ಇತ್ತಂತೆ. ಎಸೆಯಲು ಹೋದರೆ ಬಿಡಲಿಲ್ಲವಂತೆ. ಕೀಲುನೋವಿಗೆ ಅದೇ ಮದ್ದು ಅಂದನಂತೆ.

ಫೋನಿನಲ್ಲಿ ಕೇಳಿ ನಕ್ಕೆ. ಆಮೇಲೆ ನಮ್ಮವ್ವ ನೆನಪಾದಳು. ನೆಗಡಿಯಾದರೆ ಹಂಚಿನ ಮೇಲೆ ಅಜವಾನ ಹುರಿದು, ಹಳೇ ಇಳಕಲ್ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ, ಮೊದಲು ತನ್ನ ಕೆನ್ನೆಗೆ ಇಟ್ಟು ಬಿಸಿ ನೋಡಿ, ಆಮೇಲೆ ನಮ್ಮ ಎದೆಗೆ ಇಡುತ್ತಿದ್ದಳು. ಚೇಳು ಕಡಿದರೆ ಯಾವುದೋ ಬೇರು ತೇಯ್ದು ಹಚ್ಚುತ್ತಿದ್ದಳು. ಯಾವ ಗಿಡದ್ದು? ನಾನು ಕೇಳಲೇ ಇಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದೆ, ಮನೆಯಲ್ಲಿದ್ದದ್ದನ್ನು ಬರೆದುಕೊಳ್ಳಲಿಲ್ಲ.

ಐರ್ಲೆಂಡಿನವರು ಬರೆದುಕೊಂಡರು. 1937ರಿಂದ 1939ರವರೆಗೆ ಅಲ್ಲಿನ ಜಾನಪದ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಈ ಕೆಲಸ ಹಚ್ಚಿತ್ತು. ಪ್ರಬಂಧದ ಬದಲು ಅಜ್ಜ-ಅಜ್ಜಿಯರನ್ನು ಕೇಳಿ ಬರೆಯುವುದು. ಕೆಮ್ಮಿಗೆ ಕ್ಯಾರಗೀನ್ ಎಂಬ ಕಡಲಪಾಚಿಯನ್ನು ಹಾಲಿನಲ್ಲಿ ಕುದಿಸಿ ಕುಡಿಯಬೇಕು. ನರೂಲಿಗೆ ಬಸವನಹುಳು ಉಜ್ಜಿ, ಆ ಹುಳುವನ್ನು ಮುಳ್ಳಿಗೆ ಚುಚ್ಚಿಡಬೇಕು. ಅದು ಒಣಗಿದಂತೆ ನರೂಲಿಯೂ ಹೋಗುತ್ತದೆ. ನಾಯಿಕೆಮ್ಮಿಗಂತೂ ಬಿಳಿ ಕುದುರೆ ಮೇಲೆ ಬರುವವನನ್ನು ನಿಲ್ಲಿಸಿ ಕೇಳಬೇಕು, ಅವನು ಏನು ಹೇಳುತ್ತಾನೋ ಅದೇ ಔಷಧ! ಇಂಥವನ್ನೂ ಬಿಡದೆ ಬರೆದಿಟ್ಟರು. ಇಂದು ಆ ಪುಟಗಳನ್ನು ಯಾರು ಬೇಕಾದರೂ ಇಂಟರ್ನೆಟ್‌ನಲ್ಲಿ ಓದಬಹುದು.

ಬರೆದಿಡುವುದೆಂದರೆ ಮಾಡಿ ನೋಡುವುದು ಅಂತಲ್ಲ. ಚೇಳು ಕಡಿದರೆ ಈಗ ಆಸ್ಪತ್ರೆಗೇ ಓಡಬೇಕು. ನನ್ನ ಹೊಟ್ಟೆಯ ಮೇಲೆ ಎರಡು ಕಲೆಗಳಿವೆ. ಕೂಸಿದ್ದಾಗ ಹೊಟ್ಟೆ ಉಬ್ಬಿತ್ತೆಂದು ಕಾದ ಬಳೆಚೂರಿನಿಂದ ಹಾಕಿದ ಬರೆ. ಅಜವಾನದ ಗಂಟು ಕಟ್ಟಿದ ಅದೇ ಅವ್ವನೇ ಹಾಕಿದ್ದು. ಆ ಬರೆಯನ್ನೂ ಬರೆದಿಡಬೇಕು, ಹೀಗೆ ಯಾರೂ ಮಾಡಬೇಡಿ ಎಂಬ ಮಾತಿನ ಜೊತೆಗೇ.

ನಮ್ಮ ಬಾಗಲಕೋಟೆ ಜಿಲ್ಲೆಯ ಶಿಕ್ಷಕರು ಈ ದಸರಾ ರಜೆಗೆ ಆರು, ಏಳನೇ ತರಗತಿಯ ಮಕ್ಕಳಿಗೆ ಇದೇ ಮನೆಗೆಲಸ ಕೊಡಲಿ. ಯಾರು ಹೇಳಿದರು, ಯಾವ ಊರು, ಯಾವ ಗಿಡ, ಇಷ್ಟು ಸಾಕು. ಗಿಡದ ಎಲೆಯನ್ನು ಪುಟಕ್ಕೆ ಅಂಟಿಸಿದರೆ ಇನ್ನೂ ಚೆಂದ. ಒಂದೇ ಗಿಡಕ್ಕೆ ಊರಿಗೊಂದು ಹೆಸರಿರುತ್ತದೆ, ಅಲ್ವಾ?

ನಮ್ಮ ಓಣಿಯಲ್ಲಿ 90 ದಾಟಿದ ಆಯಿ ಒಬ್ಬರಿದ್ದಾರೆ. ಚೇಳಿನ ಬೇರು ಅವರಿಗೆ ಗೊತ್ತಂತೆ. ನಾಳೆ ಮೊಮ್ಮಗನನ್ನು ಕರೆದುಕೊಂಡು ಹೋಗುತ್ತೇನೆ. ನೋಟ್‌ಬುಕ್ ಅವನದು.

– ಒಬ್ಬ ನಿವೃತ್ತ ಶಿಕ್ಷಕಿ, ಮುಧೋಳ