‘ಚೆನ್ನಾಗಿದ್ದೀನಿ’ ಅಂದರೆ ಸಾಕೇ?

ಸಂಪಾದಕರೇ,

ನಮ್ಮಮ್ಮನಿಗೆ ಹಳೇ ಅಸ್ತಮಾ. ಡಾಕ್ಟರು ‘ಹೇಗಿದ್ದೀರಿ’ ಅಂದರೆ ‘ಚೆನ್ನಾಗಿದ್ದೀನಿ’ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ರಾತ್ರಿ ಎದ್ದು ಕೂತು ಕೆಮ್ಮುವುದು, ಮೆಟ್ಟಿಲ ಮಧ್ಯೆ ನಿಂತು ಸುಧಾರಿಸಿಕೊಳ್ಳುವುದು ಎಲ್ಲ ಅಭ್ಯಾಸವಾಗಿಬಿಟ್ಟಿದೆ, ಹಾಗಾಗಿ ಹೇಳುವುದೇ ಇಲ್ಲ. ದೊಡ್ಡವರಿಗೆ ಅಸ್ತಮಾ ಕಂಟ್ರೋಲ್ ಟೆಸ್ಟ್ ಅಂತ ಒಂದು ಹಾಳೆಯಿದೆ. ಕಳೆದ 4 ವಾರದ ಬಗ್ಗೆ 5 ಪ್ರಶ್ನೆ: ಕೆಲಸಕ್ಕೆ ಅಡ್ಡಿಯಾಯಿತೇ, ಎಷ್ಟು ಸಲ ಉಸಿರು ಕಟ್ಟಿತು, ನಿದ್ದೆ ಕೆಟ್ಟಿತೇ, ತಕ್ಷಣ ಆರಾಮ ಕೊಡುವ ಇನ್‌ಹೇಲರ್ ಎಷ್ಟು ಸಲ ಬೇಕಾಯಿತು, ಕಾಯಿಲೆ ಹಿಡಿತದಲ್ಲಿದೆ ಅಂತ ನಿಮಗೇ ಅನಿಸುತ್ತಾ. ಒಟ್ಟು 25 ಅಂಕ. 19 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹಿಡಿತದಲ್ಲಿಲ್ಲ ಅಂತ ಲೆಕ್ಕ. ಅಮ್ಮನಿಗೆ ಬಂದದ್ದು 13! ಕ್ಲಿನಿಕ್‌ನಲ್ಲಿ ಸುಮ್ನೆ ಕಾಯುವ ಹೊತ್ತಿನಲ್ಲೇ ಈ ಹಾಳೆಯನ್ನು ಕನ್ನಡದಲ್ಲಿ ಕೈಗೆ ಕೊಡಬಹುದು, ಅಲ್ವಾ?

— ಓದುಗ, ತುಮಕೂರು