ನಮ್ಮ ನಾಗಲಿಂಗದ ತವರೂರು

ಪ್ರೀತಿಯ ಗೆಳೆಯಾ,

ಇವತ್ತು ಬೆಳಿಗ್ಗೆ ಆರಕ್ಕೇ ಲಾಲ್‌ಬಾಗಿಗೆ ಹೋಗಿದ್ದೆ. ವಾಕಿಂಗಿಗಲ್ಲ, ಮರಗಳನ್ನು ನೋಡಬೇಕು ಅಂತಲೇ. ಒಂದೊಂದರ ಮುಂದೆ ನಿಂತು ಫಲಕ ಓದುತ್ತಾ ಗಾಜಿನ ಮನೆ ತಲುಪುವಷ್ಟರಲ್ಲಿ ಒಂಬತ್ತೂವರೆ ಆಗಿತ್ತು.

ಮೊದಲು ನಾಗಲಿಂಗದ ವಿಷಯ ಹೇಳಿಬಿಡುತ್ತೇನೆ. ನಿಮ್ಮೂರ ಈಶ್ವರನ ಗುಡಿ ಹಿಂದೆ ಇತ್ತಲ್ಲ, ಅದೇ ಮರ. ಸೋಮವಾರ ಬಂತೆಂದರೆ ನಿಮ್ಮಮ್ಮ ನಮ್ಮಿಬ್ಬರನ್ನೂ ಹೂ ಆರಿಸಲು ಅಟ್ಟುತ್ತಿದ್ದರು. ಎಲೆಗಳ ನಡುವೆ ಅಲ್ಲ, ಕಾಂಡದಿಂದಲೇ ಇಳಿಬಿದ್ದ ಗೊಂಚಲುಗಳಲ್ಲಿ ಅರಳುವ ಹೂವು. ಒಳಗೆ ಬಾಗಿದ ಹೆಡೆ, ಅದರಡಿ ಪುಟ್ಟ ಲಿಂಗ. ಶಿವನಿಗಾಗಿಯೇ ನಮ್ಮ ನೆಲದಲ್ಲಿ ಹುಟ್ಟಿದ ಹೂವು ಅಂದುಕೊಂಡಿದ್ದೆವು, ಅಲ್ವಾ? ಇದರ ತವರು ದಕ್ಷಿಣ ಅಮೆರಿಕದ ಮಳೆಕಾಡು ಕಣೋ! ಕಾಯಿ ಫಿರಂಗಿ ಗುಂಡಿನ ಹಾಗಿದೆ ಅಂತ ಇಂಗ್ಲಿಷಿನಲ್ಲಿ ಕ್ಯಾನನ್‌ಬಾಲ್ ಟ್ರೀ ಅಂತಾರೆ. ನಮ್ಮವರು ಕಾಯಿಯ ಗೊಡವೆಗೆ ಹೋಗದೆ ಹೂವು ನೋಡಿ ಹೆಸರಿಟ್ಟರು. ನನಗೆ ನಮ್ಮ ಹೆಸರೇ ಇಷ್ಟ. ತುಂಬ ಹೊತ್ತು ಅದರ ಕೆಳಗೆ ಸುಮ್ನೆ ನಿಂತಿದ್ದೆ.

ಆಮೇಲೆ ಬಿಳಿ ಬೂರುಗ. ಇನ್ನೂರು ವರ್ಷಕ್ಕೂ ಜಾಸ್ತಿ ವಯಸ್ಸು ಅಂತಾರೆ. ಬುಡದಲ್ಲಿ ಬೇರುಗಳು ಗೋಡೆಗಳ ಹಾಗೆ ಎದ್ದಿವೆ. ಒಂದರ ಮರೆಯಲ್ಲಿ ನಾವಿಬ್ಬರೂ ಅಡಗಿ ಕೂರಬಹುದು! ಮಳೆಮರ, ಜಕರಂಡಾ ಕೂಡ ದಕ್ಷಿಣ ಅಮೆರಿಕದವು, ಗುಲ್‌ಮೊಹರ್ ಮಡಗಾಸ್ಕರ್‌ನದು. ಆಫ್ರಿಕಾದ ಸಾಸೇಜ್ ಮರದ ಹೂ ಅರಳುವುದು ರಾತ್ರಿ, ಬಾವಲಿಗಳಿಗಾಗಿ.

1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಇದು. ಟಿಪ್ಪು ಹೊರದೇಶಗಳಿಂದ ಬೀಜ, ಗಿಡ ತರಿಸಿದ. 1908ರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಕೃಂಬಿಗಲ್ ಇಲ್ಲಿಗೆ ಬಂದರು. ಒಂದು ಜಾತಿಯ ಹೂ ಉದುರುವಾಗ ಇನ್ನೊಂದು ಅರಳಬೇಕು ಅಂತ ಲೆಕ್ಕ ಹಾಕಿ ಬೆಂಗಳೂರಿನ ರಸ್ತೆಗಳಿಗೆ ಮರ ಆರಿಸಿದವರು ಅವರು. ವರ್ಷವರ್ಷ ನಾವು ಫೋಟೊ ತೆಗೆದು ಕಳಿಸಿಕೊಳ್ಳುವ ಬಣ್ಣಗಳ ಹಿಂದೆ ಆ ಲೆಕ್ಕ ಇದೆ. ಅವರು 1956ರಲ್ಲಿ ತೀರಿಕೊಂಡಿದ್ದೂ ಇದೇ ಊರಲ್ಲಿ.

ವಾಪಸ್ ಬರುವಾಗ ಒಂದು ಮರದ ತೊಗಟೆಯಲ್ಲಿ ಯಾರೋ ಚಾಕುವಿನಿಂದ ಹೆಸರು ಕೆತ್ತಿದ್ದು ಕಂಡಿತು. ಅಷ್ಟು ದೂರದಿಂದ ಬಂದು ಬೇರು ಬಿಟ್ಟ ಮರಕ್ಕೆ ಹೀಗೆ ಮಾಡಲು ಕೈಯಾದರೂ ಹೇಗೆ ಬರುತ್ತದೋ. ಹೊಟ್ಟೆ ಉರಿಯಿತು.

ನಾಗಲಿಂಗದ ತವರಿನ ಸುದ್ದಿಯನ್ನು ನಿಮ್ಮಮ್ಮನಿಗೆ ನೀನೇ ಹೇಳು. ಅವರು ಏನಂದರು ಅಂತ ತಪ್ಪದೆ ಬರಿ. ಕೆಳಗೆ ಬಿದ್ದಿದ್ದ ಒಂದು ಹೂವನ್ನು ತಂದು ನೀರಿನ ಬಟ್ಟಲಲ್ಲಿ ಇಟ್ಟಿದ್ದೇನೆ. ಇದನ್ನು ಬರೆಯುವಾಗ ಕೋಣೆ ತುಂಬ ನಿಮ್ಮೂರ ಗುಡಿಯ ವಾಸನೆ.

ನಿನ್ನ ಗೆಳೆಯ