ಮುಕ್ತಿನಾಥಕ್ಕೆ ಬಸ್ಸೋ ವಿಮಾನವೋ?

ಮಾನ್ಯರೇ,

ರಜೆ ಹತ್ತಿರವಾದಂತೆ ನೇಪಾಳದ ಬೆಟ್ಟದ ಮೇಲಿನ ಮುಕ್ತಿನಾಥ ದೇವಸ್ಥಾನದ ಯಾತ್ರೆಯ ಕರಪತ್ರಗಳು ಮನೆಬಾಗಿಲಿಗೆ ಬರುತ್ತವೆ. ಅವುಗಳಲ್ಲಿ ಎರಡು ದರ: ಗೋರಖಪುರದವರೆಗೆ ರೈಲು, ಮುಂದೆ ಬಸ್ಸು ಆದರೆ ಇಷ್ಟು, ಕಠ್ಮಂಡುವಿಗೆ ವಿಮಾನವಾದರೆ ಇಷ್ಟು. ಬೇಕಾದ ಗುರುತಿನ ಚೀಟಿ ಯಾವುದು, ಬಸ್ಸು ಬೆಟ್ಟ ಹತ್ತುವುದು ಹಗಲಲ್ಲೋ ರಾತ್ರಿಯಲ್ಲೋ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ.

ನೇಪಾಳಕ್ಕೆ ನಮಗೆ ವೀಸಾ ಬೇಡ, ನಿಜ. ಆದರೆ ವಿಮಾನ ಹತ್ತಲು ಪಾಸ್‌ಪೋರ್ಟ್ ಇಲ್ಲವೇ ವೋಟರ್ ಕಾರ್ಡ್ ಬೇಕು, ಅದೂ ಅಸಲು. ಆಧಾರ್ ನಡೆಯುವುದು 15 ತುಂಬದವರಿಗೆ ಮತ್ತು 65 ದಾಟಿದವರಿಗೆ. ಎಪ್ಪತ್ತರ ಅಜ್ಜನಿಗೆ ಸಾಕಾದ ಆಧಾರ್, ಜೊತೆಗೆ ಹೊರಟ ಅರುವತ್ತೆರಡರ ಅಜ್ಜಿಗೆ ಸಾಲದು. ಬಸ್ಸಿನವರಿಗೆ ಈ ಬಿಸಿ ತಡವಾಗಿ ತಟ್ಟುತ್ತದೆ. ಸೋನೌಲಿ ಗಡಿಯನ್ನು ನಡೆದೇ ದಾಟಬಹುದು, ತಪಾಸಣೆಯೂ ಸಡಿಲ. ಮೇಲೆ ಹೋದಮೇಲೆ ಯಾರಿಗೋ ಆರೋಗ್ಯ ಕೆಟ್ಟು, ಕಠ್ಮಂಡುವಿನಿಂದ ವಿಮಾನದಲ್ಲಿ ಊರಿಗೆ ಕಳಿಸೋಣವೆಂದಾಗಲೇ ಆಧಾರ್ ಸಾಲದೆಂದು ಗೊತ್ತಾಗುವುದು. ಹಾಗಾಗಿ ಬಸ್ಸಿನಲ್ಲಿ ಹೋಗುವವರೂ ವೋಟರ್ ಕಾರ್ಡ್ ಬಿಟ್ಟು ಹೊರಡಬಾರದು.

ಯಶವಂತಪುರದಿಂದ ಗೋರಖಪುರಕ್ಕೆ ರೈಲಿನಲ್ಲಿ ಎರಡು ರಾತ್ರಿ, ಅಲ್ಲಿಂದ ಸೋನೌಲಿಗೆ ಸುಮಾರು 100 ಕಿ.ಮೀ. ಡಿಸೆಂಬರ್–ಜನವರಿಯ ಮಂಜಿನಲ್ಲಿ ರೈಲು ತಡವಾದರೆ ಗಡಿ ತಲುಪುವಾಗ ಕತ್ತಲಾಗಿರುತ್ತದೆ. ಒಂದು ದಿನದ ವಸತಿ ಉಳಿಸಲು ಹೋಗಿ ಆ ರಾತ್ರಿಯೇ ಪಾಲ್ಪಾದ ಬೆಟ್ಟದ ತಿರುವುಗಳನ್ನು ಹತ್ತಿ, ಮುಕ್ತಿನಾಥದ ದಾರಿಯ ಪೋಖರಾಕ್ಕೆ ಹೊರಡುವುದು ತಪ್ಪು. ಗಡಿಯಾಚೆಯ ಭೈರಹವಾದಲ್ಲಿ ತಂಗಿ, ಬೆಳಿಗ್ಗೆ ಹತ್ತಿರದ ಲುಂಬಿನಿ ನೋಡಿಕೊಂಡು ಹೋಗಬಹುದಲ್ಲ!

ಮಳೆಗಾಲದ ಮಾತು ಬೇರೆ. 2024ರ ಜುಲೈ 12ರಂದು ನಾರಾಯಣಗಢ–ಮುಗ್ಲಿಂಗ್ ರಸ್ತೆಯಲ್ಲಿ ಗುಡ್ಡ ಕುಸಿದು ಎರಡು ಬಸ್ಸುಗಳು ತ್ರಿಶೂಲಿ ನದಿ ಪಾಲಾದವು. ಮರುತಿಂಗಳೇ ಮಹಾರಾಷ್ಟ್ರದ ಯಾತ್ರಿಗಳ ಬಸ್ಸು ಮರ್ಸ್ಯಾಂಗ್ಡಿ ನದಿಗೆ ಉರುಳಿತು. ಎರಡನೆಯದು ನಡೆದದ್ದು ಪೋಖರಾ–ಕಠ್ಮಂಡು ಹೆದ್ದಾರಿಯಲ್ಲಿ ಎಂಬುದನ್ನು ಗಮನಿಸಬೇಕು. ಕಠ್ಮಂಡುವಿಗೆ ಹಾರಿದವರೂ ಬಸ್ಸು ಹಿಡಿದರೆ ಅದೇ ದಾರಿಗೆ ಬಂದರು. ಜೂನ್ ನಡುವಿನಿಂದ ಸೆಪ್ಟೆಂಬರ್‌ವರೆಗೆ ಪೋಖರಾಕ್ಕೂ ವಿಮಾನವೇ ಇರಲಿ. ಅಷ್ಟು ಹಣವಿಲ್ಲದಿದ್ದರೆ ಯಾತ್ರೆ ಅಕ್ಟೋಬರಿಗೆ ಹೋಗಲಿ.

ಪೋಖರಾದಿಂದ ಮುಕ್ತಿನಾಥದ ಕೆಳಗಿನ ಊರಾದ ಜೋಮ್ಸೋಮ್‌ಗೆ ವಿಮಾನದಲ್ಲಿ ಇಪ್ಪತ್ತು ನಿಮಿಷ, ಜೀಪಿನಲ್ಲಿ ಹೆಚ್ಚುಕಮ್ಮಿ ಇಡೀ ಹಗಲು. ವಿಮಾನ ಹಾರುವುದು ಬೆಳಿಗ್ಗೆ ಮಾತ್ರ. ಬಿಸಿಲೇರಿದಂತೆ ಮುಸ್ತಾಂಗ್ ಪ್ರಸ್ಥಭೂಮಿ ಕಾಯ್ದು, ಧೌಲಾಗಿರಿ–ಅನ್ನಪೂರ್ಣಗಳ ನಡುವಿನ ಇಕ್ಕಟ್ಟಾದ ಕಾಳಿ ಗಂಡಕಿ ಕಣಿವೆಯಲ್ಲಿ (ನಮ್ಮ ದೇವರಮನೆಯ ಸಾಲಿಗ್ರಾಮಗಳ ತವರು ಇದೇ) ಕೆಳಗಿನಿಂದ ಗಾಳಿ ನುಗ್ಗತೊಡಗುತ್ತದೆ. ಬೆಳಿಗ್ಗೆ ಮೋಡ ಮುಸುಕಿ ವಿಮಾನ ರದ್ದಾಯಿತೆಂದರೆ ಮರುದಿನವೇ ಗತಿ. ಜೋಮ್ಸೋಮ್‌ನಿಂದ ಇಳಿದ ದಿನವೇ ಕಠ್ಮಂಡುವಿನಿಂದ ಊರಿಗೆ ಟಿಕೆಟ್ ಮಾಡಿಸಿಕೊಂಡವರು ಅದನ್ನೂ ಕಳೆದುಕೊಳ್ಳುವುದು ಹೀಗೆ. ಒಂದು ದಿನ ಖಾಲಿ ಇರಲೇಬೇಕು. ಇನ್ನೊಂದು ತೊಡಕು ಎತ್ತರದ್ದು: ಪೋಖರಾ 800 ಮೀಟರ್ ಆಸುಪಾಸು, ಮುಕ್ತಿನಾಥ 3,700ಕ್ಕೂ ಮೇಲೆ. ಬೆಳಿಗ್ಗೆ ಹಾರಿ ಮಧ್ಯಾಹ್ನಕ್ಕೇ ದರ್ಶನಕ್ಕೆ ನಿಂತರೆ ತಲೆನೋವು, ವಾಂತಿ, ಏದುಸಿರು. ಹೋಗುವಾಗ ಜೀಪಿನಲ್ಲಿ ನಿಧಾನವಾಗಿ ಏರಿ, ಜೋಮ್ಸೋಮ್‌ನಲ್ಲಿ ಒಂದು ರಾತ್ರಿ ಮಲಗಿ, ಬರುವಾಗ ವಿಮಾನ ಹಿಡಿಯುವುದು ವಯಸ್ಸಾದವರಿಗೆ ವಾಸಿ.

ಸ್ವಂತ ಕಾರಿನವರು ಗಡಿಯಲ್ಲಿ ಭನ್ಸಾರ್ (ನೇಪಾಳದ ಸುಂಕ ಕಚೇರಿ) ಶುಲ್ಕ ಕಟ್ಟುವ ಮೊದಲೇ ವಿಮೆಗೆ ನೇಪಾಳ ವಿಸ್ತರಣೆ ಮಾಡಿಸಿಕೊಳ್ಳಬೇಕು. ನಮ್ಮ ಪಾಲಿಸಿ ತಾನಾಗಿ ಗಡಿ ದಾಟುವುದಿಲ್ಲ. ಖರ್ಚಿಗೆ ನೂರರ ನೋಟುಗಳೇ ಕ್ಷೇಮ, ನಮ್ಮ 100ಕ್ಕೆ ಅಲ್ಲಿಯ 160.

ಯಾತ್ರೆ ಏರ್ಪಡಿಸುವವರು ಕರಪತ್ರದಲ್ಲಿ ಊಟ–ವಸತಿಯ ವಿವರದ ಪಕ್ಕದಲ್ಲೇ ಬೇಕಾದ ದಾಖಲೆ, ಸೋನೌಲಿ ಬಿಡುವ ಗಂಟೆ, ಜೋಮ್ಸೋಮ್ ವಿಮಾನ ರದ್ದಾದರೆ ಹೆಚ್ಚುವರಿ ದಿನದ ಖರ್ಚು ಯಾರದು ಎಂಬುದನ್ನು ಅಚ್ಚು ಹಾಕಿಸಲಿ.

– ಓದುಗರೊಬ್ಬರು, ಮೈಸೂರು